ಇನ್ನೂ ಕಲಿಯುತ್ತಿದ್ದಾರೆ

ನನ್ನ ಗಂಡ ಮಲಗಿದ್ದಾರೆ ಎಂದು ಸಮಾಧಿಯ ಕಲ್ಲಿನ ಮೇಲೆ ಕೆತ್ತಿಸಲು ನಾನು ಒಪ್ಪಲಿಲ್ಲ. ಜಗಳ ಶುರುವಾದದ್ದು ಅಲ್ಲಿಂದ.

ನಮ್ಮ ಸಭೆಯ ಪದ್ಧತಿಯನ್ನು ಮೊದಲು ಹೇಳಿಬಿಡುತ್ತೇನೆ. ದೆಹಲಿಯಲ್ಲಿ ಕನ್ನಡ ಕ್ರೈಸ್ತರು ಬೆರಳೆಣಿಕೆಯಷ್ಟು. ಕರೋಲ್ ಬಾಗ್‌ನ ಒಂದು ಹಿಂದಿ ಚರ್ಚಿನವರು ತಮ್ಮ ಆರಾಧನೆ ಮುಗಿದ ಮೇಲೆ, ಭಾನುವಾರ ಮಧ್ಯಾಹ್ನ, ನಮಗೆ ಜಾಗ ಬಿಟ್ಟುಕೊಡುತ್ತಾರೆ. ಸಿಮೆಟ್ರಿಯಲ್ಲೂ ಹಾಗೆಯೇ, ಗೋಡೆಯ ಪಕ್ಕದ ಒಂದು ಸಾಲು ನಮ್ಮದು. ಅಲ್ಲಿಯ ಆಫೀಸಿನವರಿಗೆ ಕನ್ನಡ ಓದಲು ಬರುವುದಿಲ್ಲ. ಅದಕ್ಕೆ ಅವರದೊಂದು ಷರತ್ತು: ಕನ್ನಡದ ಕಲ್ಲಿನ ಮೇಲೆ ಏನೇ ಬರೆದಿದ್ದರೂ ಅದಕ್ಕೆ ನಮ್ಮ ಸಭೆಯ ಕಮಿಟಿಯೇ ಜವಾಬ್ದಾರಿ ಹೊರಬೇಕು. ಸೆಕ್ರೆಟರಿಯ ಸಹಿ ಇಲ್ಲದೆ ಕಲ್ಲು ಗೇಟು ದಾಟುವುದಿಲ್ಲ. ಹಾಗಾಗಿ ನಮ್ಮ ಸಾಲಿನ ಕಲ್ಲುಗಳೆಲ್ಲ ಒಂದೇ ಮಾತು ಹೇಳುತ್ತವೆ. ಒಬ್ಬರು ಕರ್ತನಲ್ಲಿ ನಿದ್ರೆ ಹೋಗಿದ್ದಾರೆ, ಪಕ್ಕದವರು ಕರ್ತನಲ್ಲಿ ವಿಶ್ರಮಿಸುತ್ತಿದ್ದಾರೆ, ಅವರ ಪಕ್ಕದವರು ಮತ್ತೆ ನಿದ್ರೆ. ರೈಲಿನ ಸ್ಲೀಪರ್ ಬೋಗಿಯಂತಿದೆ ಎಂದು ಇವರೇ ಒಮ್ಮೆ ಹೇಳಿ ನನ್ನಿಂದ ಬೈಸಿಕೊಂಡಿದ್ದರು.

ಇವರೆಂದರೆ ಎಡ್ವರ್ಡ್ ಸದಾನಂದ ಅಮ್ಮನ್ನ. ಕೇಂದ್ರ ಸರ್ಕಾರದಲ್ಲಿ ಗುಮಾಸ್ತರಾಗಿ ಸೇರಿ, ಒಂದೇ ಒಂದು ಮೆಟ್ಟಿಲು ಹತ್ತಿ ನಿವೃತ್ತರಾದವರು. ಇಲಾಖೆಯ ಪರೀಕ್ಷೆ ಅವರಿಗೆ ವರ್ಷಕ್ಕೊಮ್ಮೆ ಬರುವ ಹಬ್ಬ. ಖುಷಿಯಿಂದ ಓದುತ್ತಿದ್ದರು, ಖುಷಿಯಿಂದ ಬರೆಯುತ್ತಿದ್ದರು, ಪಾಸಾಗುವ ದುರಭ್ಯಾಸ ಮಾತ್ರ ಇರಲಿಲ್ಲ. ನಿವೃತ್ತಿಯ ನಂತರವಂತೂ ಅವರನ್ನು ಹಿಡಿಯುವವರೇ ಇರಲಿಲ್ಲ. ಕರೋಲ್ ಬಾಗ್‌ನಲ್ಲಿ ಗಡಿಯಾರ ರಿಪೇರಿ ಮಾಡುವ ಒಬ್ಬ ಮುದುಕರ ಹತ್ತಿರ ಉರ್ದು ಕಲಿಯಲು ಹೋದರು. ಹೌಜ್ ಖಾಸ್‌ನ ಎಂಜಿನಿಯರಿಂಗ್ ಸಂಸ್ಥೆಯಲ್ಲಿ ಸಾರ್ವಜನಿಕರಿಗೆ ಉಪನ್ಯಾಸವಿದ್ದರೆ ಬಸ್ಸು ಬದಲಿಸಿ ಹೋಗಿ, ಹಿಂದಿನ ಸಾಲಿನಲ್ಲಿ ಕೂತು, ಕೊನೆಗೆ ಕೈಯೆತ್ತಿ "ಅದು ಹೇಗೆ?" ಎಂದು ಕೇಳಿ ಬರುತ್ತಿದ್ದರು. ಉತ್ತರ ಅರ್ಥವಾಯಿತೇ ಎಂದು ನಾನು ಕೇಳಿದರೆ, "ಅರ್ಧ ಆಯ್ತು" ಎಂದು ಮುಖ ಊರಗಲ ಮಾಡಿಕೊಳ್ಳುತ್ತಿದ್ದರು.

ಉರ್ದು ಅರ್ಧ, ಹಾರ್ಮೋನಿಯಂ ಅರ್ಧ, ನಕ್ಷತ್ರಗಳು ಕಾಲು. ದೆಹಲಿಯ ಆಕಾಶದಲ್ಲಿ ಅವು ಕಂಡರೆ ತಾನೇ ಕಲಿಯುವುದು. ಸಭೆಯವರು ಬೆನ್ನ ಹಿಂದೆ ಅವರನ್ನು 'ಅರ್ಧ ಅಮ್ಮನ್ನ' ಎನ್ನುತ್ತಿದ್ದರು. ನನಗೆ ಮೈ ಉರಿಯುತ್ತಿತ್ತು. ಅವರಿಗೆ ಏನೂ ಆಗುತ್ತಿರಲಿಲ್ಲ. "ಕಾಲು ಅಮ್ಮನ್ನ ಆಗಿದ್ದೋನು ಇಲ್ಲೀವರೆಗೆ ಬಂದಿದ್ದೀನಲ್ಲ ಲೀಲಾ" ಎಂದು ನಗುತ್ತಿದ್ದರು.

ಎರಡು ಸಾವಿರದ ಆರರ ನವೆಂಬರಿನಲ್ಲಿ ಆಸ್ಪತ್ರೆಗೆ ಸೇರಿಸಿದೆವು. ಹೃದಯ ಕೈಕೊಟ್ಟಿತ್ತು. ಅಲ್ಲಿಯೂ ಸುಮ್ಮನಿರಲಿಲ್ಲ. ಕೇರಳದ ನರ್ಸ್ ಒಬ್ಬಳನ್ನು ಹಿಡಿದುಕೊಂಡು ಮಲಯಾಳದಲ್ಲಿ ಎಣಿಸುವುದನ್ನು ಹೇಳಿಕೊಡು ಎಂದರು. ಆಕ್ಸಿಜನ್ ನಳಿಕೆಯನ್ನು ಮೂಗಿಗೆ ಸಿಕ್ಕಿಸಿಕೊಂಡೇ ಆರರವರೆಗೆ ಬಂದರು. "ಆರು ಮಾತ್ರ ನಮ್ಮದೇ ಆರು" ಎಂದು ನನ್ನನ್ನು ನೋಡಿ ಕಣ್ಣು ಮಿಟುಕಿಸಿದರು. ನರ್ಸು ಅವರ ಹೊದಿಕೆ ಸರಿಮಾಡಿ, ಮಿಕ್ಕಿದ್ದು ನಾಳೆ ಅಂಕಲ್ ಎಂದು ಹೇಳಿ ಹೋದಳು. ನಾಳೆ ಅವರಿಗೆ ಬರಲಿಲ್ಲ.

ಇಂಥ ಮನುಷ್ಯನನ್ನು ಮಲಗಿಸಿ ಮೇಲೆ ಕಲ್ಲು ಹೇರುವುದು ನನ್ನಿಂದಾಗಲಿಲ್ಲ. ಹೆಸರು, ಹುಟ್ಟಿದ ದಿನ, ತೀರಿಕೊಂಡ ದಿನ, ಅದರ ಕೆಳಗೆ 'ಇನ್ನೂ ಕಲಿಯುತ್ತಿದ್ದಾರೆ' ಎಂದು ಕೆತ್ತಿಸಬೇಕೆಂದು ನಿರ್ಧರಿಸಿದೆ.

ಈಸ್ಟರ್ ದಿನ ಸೂರ್ಯ ಹುಟ್ಟುವ ಹೊತ್ತಿಗೆ ನಾವೆಲ್ಲ ಸಿಮೆಟ್ರಿಯಲ್ಲಿರುತ್ತೇವೆ. ಸಮಾಧಿಗಳ ಮೇಲೆ ಹೂವಿಟ್ಟು, ಮೇಣದ ಬತ್ತಿ ಹಚ್ಚಿ, ಪುನರುತ್ಥಾನದ ಹಾಡು ಹಾಡುತ್ತೇವೆ. ಆ ವರ್ಷ ತೀರಿಕೊಂಡವರ ಕಲ್ಲುಗಳ ಮುಂದೆ ಪ್ರಾರ್ಥನೆ ಮಾಡುವುದು ಅಂದೇ. ಅಷ್ಟರಲ್ಲಿ ಕಲ್ಲು ತಯಾರಾಗದಿದ್ದರೆ ಮುಂದಿನ ಈಸ್ಟರಿನವರೆಗೆ ಬರೀ ಮಣ್ಣಿನ ದಿಬ್ಬವೇ ಗತಿ. ನನಗೂ ವಯಸ್ಸಾಗಿದೆ. ಮುಂದಿನ ಈಸ್ಟರ್ ನನಗೆ ಬರೆದಿದೆಯೋ ಇಲ್ಲವೋ ಯಾರಿಗೆ ಗೊತ್ತು.

ಕಮಿಟಿಯ ಮುಂದೆ ನನ್ನ ವಿಷಯ ಬಂದಾಗ ಫೆಬ್ರುವರಿ. ಸೆಕ್ರೆಟರಿ ಸೋಮಶೇಖರ. ಹಾಸನದ ಕಡೆಯವರು, ಲೆಕ್ಕಪತ್ರ ಇಲಾಖೆಯಲ್ಲಿ ಅಧಿಕಾರಿ, ಜನಕಪುರಿಯಲ್ಲಿ ನಮ್ಮ ಮನೆಯಿಂದ ಎರಡು ಬ್ಲಾಕ್ ಆಚೆ ಇದ್ದಾರೆ. ಸಭೆಯ ಹಾಡಿನ ಮೇಷ್ಟರೂ ಅವರೇ. ಬಹಳ ತೂಕದ ಮನುಷ್ಯ. ನಗುವುದಕ್ಕೂ ಮೇಲಿನಿಂದ ಮಂಜೂರಾತಿ ಬರಬೇಕು. ನಾನು ಬರೆದುಕೊಟ್ಟದ್ದನ್ನು ಓದಿ ಕನ್ನಡಕ ತೆಗೆದರು.

"ಲೀಲಮ್ಮನವರೇ, ಇದು ಆಗೋದಿಲ್ಲ."

"ಯಾಕಾಗೋದಿಲ್ಲ?"

"ಪರಲೋಕದಲ್ಲಿ ಕಲಿಯೋದಕ್ಕೆ ಏನಿದೆ? ಇಲ್ಲಿ ನಮಗೆ ಸ್ವಲ್ಪ ಮಾತ್ರ ಗೊತ್ತು. ಅಲ್ಲಿಗೆ ಹೋದ ಕ್ಷಣ ಪೂರ್ತಿ ಗೊತ್ತಾಗುತ್ತೆ. ಇನ್ನೂ ಕಲೀತಿದ್ದಾರೆ ಅಂತ ಬರೆದರೆ ಅಲ್ಲೂ ಏನೋ ಕೊರತೆ ಇದೆ ಅಂತ ಆಗುತ್ತೆ. ಅದಕ್ಕೆ ನಾನು ಸಹಿ ಹಾಕಲಾರೆ."

"ಹಾಗಾದ್ರೆ ನಿದ್ರೆ ಹೋಗಿದ್ದಾರೆ ಅಂತ ಸಾಲಾಗಿ ಬರೆಸಿದ್ದೀರಲ್ಲ, ನಿದ್ರೆ ಮಾಡೋರಿಗೆ ಪೂರ್ತಿ ಗೊತ್ತಾಗೋದು ಹೇಗೆ?"

ಸಭಾಪಾಲಕರಾದ ಪಾಸ್ಟರ್ ಅಭಿಷೇಕ್ ಕಡೆಗೆ ಎಲ್ಲರೂ ತಿರುಗಿದರು. ಆತ ಹುಡುಗ, ನಮ್ಮಲ್ಲಿಗೆ ಬಂದು ಒಂದು ವರ್ಷವಾಗಿರಲಿಲ್ಲ. ಸೆಕ್ರೆಟರಿಯನ್ನು ಕಂಡರೆ ಭಯ, ನನ್ನನ್ನು ಕಂಡರೆ ಇನ್ನೂ ಭಯ. "ಒಂದು ರೀತಿಯಲ್ಲಿ ನೋಡಿದರೆ ಇದೂ ಸರಿ, ಇನ್ನೊಂದು ರೀತಿಯಲ್ಲಿ ನೋಡಿದರೆ ಅದೂ ಸರಿ" ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟರು.

"ವಾಕ್ಯದ ಆಧಾರ ತನ್ನಿ" ಎಂದರು ಸೋಮಶೇಖರ. "ಪರಲೋಕದಲ್ಲಿ ಕಲೀತಾರೆ ಅಂತ ಎಲ್ಲಿ ಬರೆದಿದೆ, ಅಧ್ಯಾಯ, ವಚನ ತೋರಿಸಿ. ಕಲಿಯೋದು ಅನ್ನೋ ಮಾತೇ ಇರಬೇಕು. ತೋರಿಸಿದ ದಿನ ಸಹಿ ಹಾಕ್ತೀನಿ."

ನಮ್ಮವರ ಜಗಳದಲ್ಲಿ ಇದೇ ಕೊನೆಯ ಅಸ್ತ್ರ. ಬೈಬಲಿನ ಅಧ್ಯಾಯ, ವಚನ ಕೇಳಿದ ಮೇಲೆ ಮಾತಿಲ್ಲ. ತೋರಿಸುತ್ತೇನೆ ಎಂದು ಹೇಳಿ ಚೀಲ ಎತ್ತಿಕೊಂಡು ಹೊರಟೆ. ಎಲ್ಲಿಂದ ತೋರಿಸುತ್ತೇನೆ ಎಂಬುದು ದೇವರಿಗೇ ಗೊತ್ತಿತ್ತು.

ಮನೆಗೆ ಬಂದು ಮಗಳು ಲಾವಣ್ಯಾಗೆ ಹೇಳಿದೆ. ಅವಳಿಗೆ ಗುರ್‌ಗಾಂವ್‌ನ ಕಂಪನಿಯಲ್ಲಿ ಕೆಲಸ. ಹುಟ್ಟಿ ಬೆಳೆದದ್ದೆಲ್ಲ ದೆಹಲಿಯಲ್ಲೇ. ಕನ್ನಡದಲ್ಲಿ ಶುರುಮಾಡಿದ ಮಾತು ಹಿಂದಿಯಲ್ಲಿ ಇಳಿಯುತ್ತದೆ.

"ಮಮ್ಮಿ, ಛೋಡೋ ನಾ, ಬಿಟ್ಬಿಡಿ. ಹೆಸರು, ಡೇಟ್ ಹಾಕ್ಸಿ, ಬಸ್. ಇಷ್ಟಕ್ಕೆ ಅಂಕಲ್ ಜೊತೆ ಯಾಕೆ ಜಗಳ?"

"ನಿನಗೆ ಗೊತ್ತಾಗಲ್ಲ."

"ಅಚ್ಛಾ, ಅಂಕಲ್ ಹೇಳಿದ ಹಾಗೆ ಡ್ಯಾಡಿಗೆ ಈಗ ಎಲ್ಲಾ ಗೊತ್ತಿದ್ರೆ ಒಳ್ಳೇದೇ ಅಲ್ವಾ? ಅವರಿಗೆ ಅದೇ ತೋ ಬೇಕಿತ್ತು."

ನಾನು ಸೊಪ್ಪು ಬಿಡಿಸುವುದನ್ನು ನಿಲ್ಲಿಸಿದೆ. ಎದೆಯಲ್ಲಿ ಇಷ್ಟು ದಿನ ಕುದಿಯುತ್ತಿದ್ದುದು ಆಗ ಬಾಯಿಗೆ ಬಂತು.

"ನಿಮ್ಮ ಡ್ಯಾಡಿಗೆ ಎಲ್ಲಾ ಗೊತ್ತು ಅಂತ ಇಟ್ಕೋ. ಉರ್ದು ಗೊತ್ತು, ನಕ್ಷತ್ರ ಗೊತ್ತು, ನಮ್ಮ ನಲ್ಲೀಲಿ ಯಾಕೆ ನೀರು ಬರಲ್ಲ ಅಂತಾನೂ ಗೊತ್ತು. ಒಂದು ದಿನ ನಾನು ಹೋಗ್ತೀನಿ. ಅವರು ಬಾಗಿಲಲ್ಲಿ ನಿಂತಿರ್ತಾರೆ. ಇಲ್ಲಿ ಏನೇನಾಯ್ತು ಅಂತ ಹೇಳೋಕೆ ನಾನು ಬಾಯಿ ತೆಗೀತೀನಿ. ಅವರಿಗೆ ಅದೂ ಗೊತ್ತು. 'ಅದು ಹೇಗೆ ಲೀಲಾ' ಅಂತ ಕೇಳದೆ ಇರೋ ಮನುಷ್ಯನ್ನ ನಾನು ಹೇಗೆ ಗುರುತು ಹಿಡೀಲಿ? ಅವನು ಯಾರೋ ದೊಡ್ಡ ಮನುಷ್ಯ ಇರಬಹುದು. ನನ್ನ ಗಂಡ ಅಲ್ಲ."

ಲಾವಣ್ಯಾ ಸೊಪ್ಪಿನ ತಟ್ಟೆಯನ್ನು ತನ್ನ ಕಡೆಗೆ ಎಳೆದುಕೊಂಡು ತಾನೇ ಬಿಡಿಸತೊಡಗಿದಳು. ಅವಳಿಗೆ ಸೊಪ್ಪು ಬಿಡಿಸಲು ಬರುವುದಿಲ್ಲ, ಕಡ್ಡಿಯನ್ನೆಲ್ಲ ಉಳಿಸಿ ಎಲೆ ಎಸೆಯುತ್ತಾಳೆ. ಆವತ್ತು ನಾನು ಬೈಯಲಿಲ್ಲ. ಮಾರನೆಯ ದಿನದಿಂದ ಆಫೀಸಿನಿಂದ ಬಂದವಳು ಕಂಪ್ಯೂಟರಿನ ಮುಂದೆ ಕೂತು ನನಗಾಗಿ ಹುಡುಕಿದಳು. ಪರಲೋಕಕ್ಕೆ ಹೋಗಿ ಬಂದೆವೆಂದು ಹೇಳುವವರು ಇಂಟರ್‌ನೆಟ್ಟಿನಲ್ಲಿ ರಾಶಿ ರಾಶಿ ಸಿಕ್ಕರು. ಚಿನ್ನದ ಬೀದಿ ನೋಡಿ ಬಂದಿದ್ದರು, ಹೂವಿನ ತೋಟ ನೋಡಿ ಬಂದಿದ್ದರು. ಅಲ್ಲಿ ಏನು ಕಲಿತೆವೆಂದು ಒಬ್ಬರೂ ಹೇಳಿರಲಿಲ್ಲ.

ನಾನು ನನ್ನ ದಾರಿಯಲ್ಲಿ ಹುಡುಕಿದೆ. ಕನ್ನಡಕ ಒರೆಸಿಕೊಂಡು ಬೈಬಲಿನ ಮೊದಲ ಪುಟದಿಂದ ಶುರುಮಾಡಿದೆ. ದೇವದೂತರು ಸಹ ಕೆಲವು ವಿಷಯಗಳನ್ನು ಇಣುಕಿ ನೋಡಲು ಆಸೆಪಡುತ್ತಾರೆ ಎಂಬ ಮಾತು ಸಿಕ್ಕಿತು. ಕುಣಿದಾಡುವುದೊಂದು ಬಾಕಿ. ಅಂದೇ ಸಾಯಂಕಾಲ ಸೋಮಶೇಖರರ ಮನೆಗೆ ನಡೆದೆ. ಅವರ ಹೆಂಡತಿ ಶಾರದಾ ಬಾಗಿಲು ತೆಗೆದು ಒಳಗೆ ಕರೆದಳು. ಸೋಮಶೇಖರ ವಚನವನ್ನು ಓದಿ, ಬೆಣ್ಣೆಯಿಂದ ಕೂದಲು ತೆಗೆದಂತೆ ಹೇಳಿದರು: "ಇಣುಕೋದು ಬೇರೆ, ಕಲಿಯೋದು ಬೇರೆ. ಅದೂ ಅಲ್ಲದೆ ಅವರು ದೂತರು, ಮನುಷ್ಯರಲ್ಲ." ಶಾರದಾ ತಂದ ಚಹವನ್ನು ಕುಡಿಯದೆ ಬಂದೆ. ಪಾಪ, ಅವಳದೇನು ತಪ್ಪು.

ಹೀಗೆ ಮಾರ್ಚ್ ಕಳೆಯಿತು. ಕಲ್ಲು ಕೆತ್ತುವವನು ಎರಡು ಸಲ ಫೋನ್ ಮಾಡಿ, ಮೇಡಂಜಿ, ಗುಡ್ ಫ್ರೈಡೇ ಒಳಗೆ ಬೇಕಾದರೆ ಈಗಲೇ ಅಕ್ಷರ ಕೊಡಿ ಎಂದ. ಕೊಡಲು ನನ್ನ ಹತ್ತಿರ ಸಹಿ ಇರಲಿಲ್ಲ. ಆ ವಾರ ಮೊದಲ ಬಾರಿಗೆ, ಬರೀ ಹೆಸರು ಹಾಕಿಸಿಬಿಡಲೇ ಎಂದು ಅನ್ನಿಸಿತು. ಹಾಗೆ ಅನ್ನಿಸಿದ್ದಕ್ಕೆ ಇವರ ಫೋಟೋದ ಮುಂದೆ ನಿಂತು ಅತ್ತುಬಿಟ್ಟೆ.

ಈಸ್ಟರಿಗೆ ಒಂದು ವಾರ ಮೊದಲು ಬರುವ ಗರಿಗಳ ಭಾನುವಾರದ ಹಿಂದಿನ ದಿನ ಹಾಡಿನ ಪ್ರಾಕ್ಟೀಸ್ ಇತ್ತು. ಸೆಕ್ರೆಟರಿಯ ಮೇಲಿನ ಸಿಟ್ಟನ್ನು ಹಾಡಿನ ಮೇಲೆ ತೀರಿಸಿಕೊಳ್ಳುವವಳು ನಾನಲ್ಲ; ಮೆಟ್ರೋ ಹತ್ತಿ ಕರೋಲ್ ಬಾಗ್‌ಗೆ ಹೋದೆ. ಆ ಈಸ್ಟರಿಗೆ ಸೋಮಶೇಖರ ತಾವೇ ಒಂದು ಹೊಸ ಹಾಡು ಕಟ್ಟಿ, ನಾಲ್ಕು ಧ್ವನಿಗಳಿಗೂ ಸೋಲ್ಫಾದಲ್ಲಿ, ಅಂದರೆ ದೋ-ರೆ-ಮಿ ಅಕ್ಷರಗಳಲ್ಲಿ, ಸ್ವರ ಬರೆದು ಹಂಚಿದ್ದರು. ಹೆಂಗಸರದು ಹೇಗೋ ನಡೆದಿತ್ತು. ಗಂಡಸರ ಟೆನರ್ ಸಾಲು ಮಾತ್ರ ಎತ್ತು ಏರಿಗೆ, ಕೋಣ ನೀರಿಗೆ. ಅದರಲ್ಲಿ ಮುಂದಾಳು ಧನುಷ್, ನೋಯ್ಡಾದ ಐಟಿ ಕಂಪನಿಯ ಹುಡುಗ. ಧ್ವನಿ ಚೆನ್ನಾಗಿದೆ, ಮನೆಯಲ್ಲಿ ಕೂತು ಅಭ್ಯಾಸ ಮಾಡುವ ಜಾಯಮಾನವಲ್ಲ.

ಮೇಷ್ಟರು ಅದೇ ಸಾಲನ್ನು ಮತ್ತೆ ಮತ್ತೆ ಹಾಡಿಸಿದರು. ಧನುಷ್ ಅದೇ ಜಾಗದಲ್ಲಿ ಮತ್ತೆ ಮತ್ತೆ ಜಾರಿದ. ಕೊನೆಗೆ ಬೆವರು ಒರೆಸಿಕೊಂಡು ತಮಾಷೆ ಮಾಡಲು ಹೋದ.

"ಸರ್, ಇಷ್ಟೊಂದು ಪ್ರಾಕ್ಟೀಸ್ ಯಾಕೆ? ಅಲ್ಲಿಗೆ ಹೋದ್ಮೇಲೆ ಎಲ್ಲಾ ತಾನಾಗೇ ಬರುತ್ತಂತಲ್ಲ."

ಸೋಮಶೇಖರರಿಗೆ ಹಾಡಿನ ವಿಷಯದಲ್ಲಿ ತಮಾಷೆ ಆಗುವುದಿಲ್ಲ. ಕೈಯಲ್ಲಿದ್ದ ಹಾಳೆಗಳನ್ನು ಮೇಜಿನ ಮೇಲೆ ಬಡಿದರು.

"ಯಾರಪ್ಪ ನಿನಗೆ ಹೇಳಿದ್ದು ತಾನಾಗೇ ಬರುತ್ತೆ ಅಂತ? ಯೋಹಾನನಿಗೆ ಆದ ದರ್ಶನ ಓದಿದ್ದೀಯಾ? ಸಿಂಹಾಸನದ ಮುಂದೆ ನಿಂತು ಹೊಸ ಹಾಡು ಹಾಡೋರು ಇದ್ದಾರಲ್ಲ, ಅವರೂ ಆ ಹಾಡನ್ನ ಕಲಿತೇ ಹಾಡೋದು. ಅಲ್ಲಿ ನಿಂತೋರಿಗೇ ಕಲಿಯದೆ ಬರಲಿಲ್ಲ, ನಿನಗೆ ನೋಯ್ಡಾದಲ್ಲಿ ಕೂತು ಬರುತ್ತಾ?"

ಒಬ್ಬೊಬ್ಬರಾಗಿ ಎಲ್ಲರ ತಲೆಯೂ ನನ್ನ ಕಡೆಗೆ ತಿರುಗಿತು. ನಾನು ಎದ್ದು ನಿಂತೆ.

"ಅಧ್ಯಾಯ, ವಚನ ಹೇಳಿ ಸೋಮಶೇಖರ."

"ಹದಿನಾಲ್ಕನೇ ಅಧ್ಯಾಯ, ಮೂರನೇ ವಚ..." ಎಂದವರು ಅಲ್ಲಿಗೇ ನಿಂತರು.

ಹುಡುಗಿಯೊಬ್ಬಳು ಆಗಲೇ ಬೈಬಲಿನ ಪುಟ ತಿರುವಿ ಬೆರಳಿಟ್ಟಿದ್ದಳು. ನಾನು ಹೋಗಿ ನೋಡಿದೆ. ಇತ್ತು. ಕಲಿಯುವುದು ಎಂಬ ಮಾತೇ ಇತ್ತು. ಇಷ್ಟು ವರ್ಷಗಳಲ್ಲಿ ಎಷ್ಟು ಸಲ ಅದನ್ನು ಓದಿ ಮುಂದೆ ಹೋಗಿದ್ದೆನೋ. ಬಿಡುಗಡೆ ಹೊಂದಿದ ಒಂದು ಲಕ್ಷದ ನಲವತ್ತನಾಲ್ಕು ಸಾವಿರ ಜನ, ಅವರ ಮುಂದೆ ಒಂದು ಹೊಸ ಹಾಡು, ಅದನ್ನು ಅವರು ಕಲಿಯಬೇಕು. ಪರಲೋಕದಲ್ಲೂ ಪ್ರಾಕ್ಟೀಸ್ ಇದೆ. ನನಗೆ ನಗು ಬಂತು, ಅಳು ಬಂತು, ಯಾವುದು ಮೊದಲು ಬಂತೋ ತಿಳಿಯಲಿಲ್ಲ. ಧನುಷ್ ಮೆಲ್ಲನೆ ಚಪ್ಪಾಳೆ ತಟ್ಟಲು ಹೋಗಿ ಮೇಷ್ಟರ ಮುಖ ನೋಡಿ ಕೈ ಇಳಿಸಿದ.

ಸೆಕ್ರೆಟರಿ ತೋಡಿದ ಹಳ್ಳಕ್ಕೆ ಹಾಡಿನ ಮೇಷ್ಟರು ಬಿದ್ದಿದ್ದರು. ನಾನು ಅವರ ಮುಖವನ್ನು ನೋಡಿದೆ, ಗೆದ್ದವಳ ಗತ್ತಿನಲ್ಲೇ ನೋಡಿದೆ. ಆದರೆ ಅಲ್ಲಿ ಸೋತವರ ಸಿಟ್ಟಿರಲಿಲ್ಲ. ಹೆದರಿದವರ ಹಾಗೆ ಇತ್ತು. "ಇವತ್ತಿಗೆ ಸಾಕು" ಎಂದು ಹಾಳೆಗಳನ್ನು ಎತ್ತಿಕೊಂಡು ಹೊರಟುಹೋದರು. ಮಾರನೆಯ ದಿನ ಆರಾಧನೆಯಲ್ಲೂ ನನ್ನ ಕಡೆ ನೋಡಲಿಲ್ಲ, ಸಹಿಯ ಮಾತೂ ಎತ್ತಲಿಲ್ಲ.

ಸೋಮವಾರ ಸಾಯಂಕಾಲ ನಮ್ಮ ಮನೆಗೆ ಬಂದರು, ಒಬ್ಬರೇ. ಸಹಿ ಹಾಕಿದ ಕಾಗದವನ್ನು ಟೀಪಾಯಿಯ ಮೇಲೆ ಇಟ್ಟರು. "ಮಾತು ಕೊಟ್ಟಿದ್ದೆ. ತಗೊಳ್ಳಿ" ಎಂದರು. ಎದ್ದು ಹೋಗಲಿಲ್ಲ. ನಾನು ಒಳಗೆ ಹೋಗಿ ಕಾಫಿ ಮಾಡಿ ತಂದರೂ ಹಾಗೆಯೇ ಕೂತಿದ್ದರು.

"ನಿಮಗೆ ನಮ್ಮ ಪೃಥ್ವಿ ನೆನಪಿದ್ದಾನಾ?" ಎಂದು ಕೇಳಿದರು.

ನೆನಪಿಲ್ಲದೆ ಏನು. ಅವರ ಒಬ್ಬನೇ ಮಗ. ಹನ್ನೊಂದು ವರ್ಷದ ಹಿಂದೆ, ದೆಹಲಿಯಲ್ಲೆಲ್ಲ ಡೆಂಗಿ ಹಬ್ಬಿದ ವರ್ಷ, ಐದು ತುಂಬುವ ಮೊದಲೇ ಹೋಗಿಬಿಟ್ಟ. ಸಭೆಯ ಸಂಡೆ ಸ್ಕೂಲಿನಲ್ಲಿ ಚಿಕ್ಕ ಮಕ್ಕಳಿಗೆ ಆಗ ನಾನೇ ಕಲಿಸುತ್ತಿದ್ದೆ. ಅವನ ಕಲ್ಲೂ ನಮ್ಮ ಸಾಲಿನಲ್ಲೇ ಇದೆ. 'ಕರ್ತನ ಮಡಿಲಲ್ಲಿ ಮಲಗಿದ್ದಾನೆ' ಎಂದು ಬರೆದಿದೆ.

"ಅವನು ಮಲಗಿದ್ದಾನೆ ಅಂತಲೇ ನಾನೂ ಶಾರದಾನೂ ಇಷ್ಟು ವರ್ಷ ಅಂದುಕೊಂಡು ಬಂದ್ವಿ" ಎಂದರು ಸ್ವರ ತಗ್ಗಿಸಿ. "ಹೇಗೆ ಬಿಟ್ಟು ಬಂದ್ವೋ ಹಾಗೇ ಮಲಗಿದ್ದಾನೆ. ನಾವು ಹೋದಾಗ ಎಬ್ಬಿಸ್ತೀವಿ, ಎದ್ದು ಕೈ ಚಾಚ್ತಾನೆ. ನಿಮ್ಮ ಯಜಮಾನರು ಕಲೀತಿದ್ದಾರೆ ಅಂದ್ರೆ ಅವನೂ ಎದ್ದಿದ್ದಾನೆ ಅಂತಾಯ್ತಲ್ಲ. ಎದ್ದಿದ್ರೆ ಬೆಳೆದಿರ್ತಾನೆ. ಓದೋದು ಬರೆಯೋದು ಎಲ್ಲಾ ಇನ್ಯಾರೋ ಹೇಳಿಕೊಟ್ಟಿರ್ತಾರೆ. ಅವನಿಗೆ ನಾನು ಒಂದು ಅಕ್ಷರ ಕಲಿಸಲಿಲ್ಲ ಲೀಲಮ್ಮನವರೇ. ನಾನು ಹೋದಾಗ ನೀವು ಯಾರು ಅಂತ ಕೇಳಿದ್ರೆ?"

ನನ್ನ ಗಂಡ ಅವರಾಗಿಯೇ ಇರಲಿ ಎಂದು ನಾನು ಗುದ್ದಾಡುತ್ತಿದ್ದೆ. ಈ ಮನುಷ್ಯ ಅದೇ ಕಾರಣಕ್ಕೆ ನನ್ನ ಜೊತೆ ಗುದ್ದಾಡುತ್ತಿದ್ದರು. ಎರಡು ತಿಂಗಳಿಂದ ಮೂಗಿನ ತುದಿಯಲ್ಲಿ ಇಟ್ಟುಕೊಂಡಿದ್ದ ಸಿಟ್ಟು ಎಲ್ಲಿಗೆ ಹೋಯಿತೋ. ಆದರೆ ಸಮಾಧಾನದ ಒಣಮಾತು ನನಗೆ ಬರುವುದಿಲ್ಲ.

"ನಿಮ್ಮ ಪೃಥ್ವಿ ಯಾವಾಗ ಮಲಗಿದ್ದ ಹೇಳಿ" ಎಂದೆ. "ಪ್ರಾರ್ಥನೆಗೆ ಕಣ್ಣು ಮುಚ್ಚಿ ಅಂದ್ರೆ ಎಲ್ಲಾ ಮಕ್ಕಳೂ ಮುಚ್ತಿದ್ರು. ಅವನು ಮುಚ್ತಿರಲಿಲ್ಲ. ಮುಚ್ಚಿದ್ರೆ ದೇವರು ಬಂದಾಗ ಕಾಣಲ್ಲ ಆಂಟಿ ಅಂತಿದ್ದ. ಅಂಥವನನ್ನ ನೀವು ಹನ್ನೊಂದು ವರ್ಷ ಮಲಗಿಸಿಟ್ಟಿದ್ದೀರಲ್ಲ, ಅವನಿಗೆ ಎಷ್ಟು ಬೇಜಾರಾಗಿರಬೇಡ."

ಸೋಮಶೇಖರ ತಲೆಯೆತ್ತಿದರು. ಈ ಮಾತು ಅವರಿಗೆ ಗೊತ್ತಿರಲಿಲ್ಲ. "ಹಾಗಂದಿದ್ದನಾ?"

"ಅಂದಿದ್ದ. ಇನ್ನೊಂದು ಕೇಳಿ. ಶಾಲೆಗೆ ಕಳಿಸಿದ ಮಗ ಅಪ್ಪನ್ನ ಮರೀತಾನಾ? ಇವತ್ತು ಏನು ಕಲಿತೆ ಅಂತ ಮನೆಗೆ ಬಂದು ಹೇಳೋಕೆ ಕಾಯ್ತಿರ್ತಾನೆ. ನಿಮ್ಮ ಮಗನ ಹತ್ತಿರ ಹೇಳೋದು ಬಹಳ ಇದೆ. ನೀವು ಹೋದಾಗ ಕೂತು ಕೇಳಿ. ನೀವು ಕಲಿಸಲಿಲ್ಲ ಅಂತ ಕೊರಗೋದು ಬೇಡ, ಅವನೇ ನಿಮಗೆ ಕಲಿಸ್ತಾನೆ. ನಮ್ಮನೆಯವರೂ ಅದೇ ಕ್ಲಾಸಲ್ಲಿ ಕೂತಿರ್ತಾರೆ. ಅವರು ಹಿಂದಿನ ಬೆಂಚು, ನಿಮ್ಮ ಮಗ ಮುಂದಿನ ಬೆಂಚು."

ಆ ತೂಕದ ಮನುಷ್ಯ ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಅತ್ತರು. ಅಳುತ್ತಲೇ ನಕ್ಕರು. ಕಾಫಿ ಆರಿಹೋಗಿತ್ತು, ಬಿಸಿಮಾಡಿ ತಂದೆ, ಕುಡಿದರು. ಹೋಗುವಾಗ ಚಪ್ಪಲಿ ಮೆಟ್ಟಿಕೊಳ್ಳುತ್ತಾ, "ಇದನ್ನ ಶಾರದಾಗೆ ಇವತ್ತೇ ಹೇಳ್ತೀನಿ" ಎಂದರು.

ಮಂಗಳವಾರ ಬೆಳಿಗ್ಗೆ ಕಲ್ಲು ಕೆತ್ತುವವನ ಅಂಗಡಿಗೆ ಅವರೂ ನನ್ನ ಜೊತೆ ಬಂದರು. ಅವನಿಗೆ ಕನ್ನಡ ಬರುವುದಿಲ್ಲ, ನಾವು ಬರೆದುಕೊಟ್ಟ ಅಕ್ಷರವನ್ನು ಚಿತ್ರದಂತೆ ನೋಡಿ ಕೆತ್ತುತ್ತಾನೆ. ಕೊಂಬು, ಒತ್ತಕ್ಷರ ಎಲ್ಲಿ ತಪ್ಪಬಹುದೆಂದು ಸೋಮಶೇಖರ ಅವನಿಗೆ ಬೆರಳಿಟ್ಟು ತೋರಿಸಿದರು. "ಭಯ್ಯಾ, ಧ್ಯಾನ್ ಸೇ", ಗಮನವಿಟ್ಟು ಮಾಡಪ್ಪಾ ಎಂದು ಹೇಳಿ ಹೇಳಿ ಅವನ ತಲೆ ತಿಂದರು. ಆಫೀಸಿಗೆ ತಡವಾಗುತ್ತದೆಂದು ನಾನು ನೆನಪಿಸಬೇಕಾಯಿತು. ಶನಿವಾರ ಮಧ್ಯಾಹ್ನದ ಹೊತ್ತಿಗೆ ಕಲ್ಲು ಗೇಟು ದಾಟಿತು.

ಈಸ್ಟರ್ ದಿನ ನಾವು ಸಿಮೆಟ್ರಿ ತಲುಪಿದಾಗ ಬೇವಿನ ಮರಗಳ ಹಿಂದೆ ಆಕಾಶ ಕೆಂಪಾಗುತ್ತಿತ್ತು. ಎಷ್ಟೊಂದು ಜನ. ಹಿಂದಿಯವರು, ಪಂಜಾಬಿಗಳು, ತಮಿಳರು, ಮಲಯಾಳಿಗಳು, ಎಲ್ಲರ ಕೈಯಲ್ಲೂ ಗುಲಾಬಿ, ಚೆಂಡುಹೂವು, ಮೇಣದ ಬತ್ತಿ. ಎಲ್ಲ ಕಡೆಯಿಂದಲೂ ಬೇರೆ ಬೇರೆ ಭಾಷೆಯ ಹಾಡು ಕೇಳಿಬರುತ್ತಿತ್ತು. ಲಾವಣ್ಯಾ ನನ್ನ ಕೈ ಹಿಡಿದುಕೊಂಡು ನಮ್ಮ ಸಾಲಿಗೆ ಕರೆದುತಂದಳು. ಹೊಸ ಕಲ್ಲಿನ ಮೇಲೆ ಇವರ ಹೆಸರಿತ್ತು, ಅದರ ಕೆಳಗೆ ಆ ಎರಡು ಪದಗಳು. ಅಕ್ಷರಗಳು ದುಂಡಗೆ ಬಂದಿದ್ದವು. ಲಾವಣ್ಯಾ ಕನ್ನಡವನ್ನು ಕೂಡಿಸಿ ಕೂಡಿಸಿ ಓದುತ್ತಾಳೆ. ಹಾಗೆಯೇ, ಮೆಲ್ಲಗೆ, ಗಟ್ಟಿಯಾಗಿ ಓದಿದಳು. ಓದಿ ಮುಗಿಸಿದಾಗ ನನ್ನ ಎದೆ ಹಿಗ್ಗಿತು. ಇದ್ದಷ್ಟು ದಿನ ಇಲಾಖೆಯ ಒಂದು ಪರೀಕ್ಷೆಯಲ್ಲೂ ಪಾಸಾಗದವರು, ನಿದ್ರೆ ಹೋದವರ ಸಾಲಿನಲ್ಲಿ ಒಬ್ಬರೇ ಎಚ್ಚರವಾಗಿದ್ದರು.

ಪಾಸ್ಟರ್ ಅಭಿಷೇಕ್ ಪ್ರಾರ್ಥನೆ ಮಾಡಿದರು. ಈ ಸಲ ದೀಪವನ್ನು ಸರಿಯಾದ ಜಾಗದಲ್ಲೇ ಇಟ್ಟು, ನಿನ್ನ ಸನ್ನಿಧಿಯಲ್ಲಿ ಕಲಿಯುವ ಈ ನಿನ್ನ ಸೇವಕನಿಗಾಗಿ ಸ್ತೋತ್ರ ಎಂದರು. ಸಭೆಯವರು ಆಮೆನ್ ಎಂದರು. ಅರ್ಧ ಅಮ್ಮನ್ನ ಎಂದು ನಗುತ್ತಿದ್ದವರ ಆಮೆನ್ನೇ ಎಲ್ಲರಿಗಿಂತ ಜೋರಾಗಿತ್ತು. ಹಾಡಿನವರು ಕಲ್ಲಿನ ಸುತ್ತ ಗುಂಪಾಗಿ ನಿಂತೆವು. ಸೋಮಶೇಖರ ಮತ್ತು ಶಾರದಾ ಸ್ವಲ್ಪ ಆಚೆ ಮಗನ ಪುಟ್ಟ ಕಲ್ಲಿಗೆ ಹೂವಿಟ್ಟು, ಬತ್ತಿ ಹಚ್ಚಿ ಬಂದರು.

ಅಷ್ಟರಲ್ಲಿ ಎದುರು ಸಾಲಿಗೆ ಬಂದಿದ್ದ ಹಿಂದಿ ಹೆಂಗಸೊಬ್ಬಳು ಕಲ್ಲಿನ ಹತ್ತಿರ ಬಂದು ನಿಂತಳು. ಕಲ್ಲಿನ ಮೇಲಿನ ಲಿಪಿಯನ್ನು ಕುತೂಹಲದಿಂದ ನೋಡಿ, "ಭಾಯಿಸಾಬ್, ಕೌನ್ ಸೀ ಭಾಷಾ ಹೈ? ಕ್ಯಾ ಲಿಖಾ ಹೈ?" ಯಾವ ಭಾಷೆ, ಏನು ಬರೆದಿದೆ ಎಂದು ಕೇಳಿದಳು.

ಹೇಳಲು ನಾನು ಬಾಯಿ ತೆರೆದೆ. ನನಗಿಂತ ಮೊದಲೇ ಸೋಮಶೇಖರ ಕಲ್ಲಿನ ಮಾತನ್ನೇ ಹಿಂದಿ ಮಾಡಿ ಹೇಳಿದರು. "ಕನ್ನಡ ಹೈ. ಲಿಖಾ ಹೈ, ಅಭೀ ಭೀ ಸೀಖ್ ರಹೇ ಹೈಂ."

"ವಹಾಂ ಭೀ?" ಎಂದಳು ಅವಳು. ಅಲ್ಲಿಯೂ ಕಲಿಯುತ್ತಾರೆಯೇ ಎಂದು.

"ಹಾಂಜಿ. ಮೇರಾ ಬೇಟಾ ಭೀ ವಹೀಂ ಪಢ್ತಾ ಹೈ."

ನನ್ನ ಮಗನೂ ಅಲ್ಲೇ ಓದುತ್ತಾನೆ ಎಂದು ಅವರು ಹೇಳಿದ್ದು ಅವಳಿಗೆ ಎಷ್ಟು ತಿಳಿಯಿತೋ ನಾನರಿಯೆ. ಮಕ್ಕಳಿರುವ ಯಾರೇ ಆದರೂ ಕೇಳುವಂತೆ, ಅಚ್ಛಾ, ಕೌನ್ ಸೀ ಕ್ಲಾಸ್ ಮೇಂ, ಯಾವ ಕ್ಲಾಸು ಎಂದು ಕೇಳಿದಳು. ಶಾರದಾ ಗಂಡನ ಮುಖ ನೋಡಿದಳು. ಸೋಮಶೇಖರ ಒಂದು ಗಳಿಗೆ ಯೋಚಿಸಿದರು. ಆಮೇಲೆ ಅವರ ಮುಖದಲ್ಲಿ, ಯಾರ ಮಂಜೂರಾತಿಗೂ ಕಾಯದೆ, ನಗು ಬಂತು.

"ಮುಝ್ ಸೇ ತೋ ಬಹುತ್ ಆಗೇ ಹೈ" ಎಂದರು. ನನಗಿಂತ ಬಹಳ ಮುಂದಿದ್ದಾನೆ.

ಹೇಳಿ ನಮ್ಮ ಕಡೆ ತಿರುಗಿ ಕೈಯೆತ್ತಿದರು, ಸ್ವರ ಕೊಟ್ಟರು. ನಾವು ಹೊಸ ಹಾಡು ಹಾಡಿದೆವು.